ಬಾಯಿಬಿಟ್ಟು ಹೇಳದ ಎಂಟನೇ ತಿಂಗಳು

ಹೊಸದಾಗಿ ನರ್ಸ್ ಕೆಲಸಕ್ಕೆ ಸೇರಿದ ಹುಡುಗಿಯರು ನನ್ನ ಮನೆಗೆ ಬಂದಾಗ ಮೊದಲು ಕೇಳೋದು ಒಂದೇ ಮಾತು. "ಮೇಡಂ, ಯಾವ ಊರಿಗೆ ಹಾಕಿಸ್ಕೊಂಡ್ರೆ ಆರಾಮು?" ನನಗೆ ಸರ್ರನೆ ಸಿಟ್ಟು ಬರುತ್ತದೆ. ಆರಾಮು ಬೇಕಿದ್ದರೆ ಬಳೆ ಅಂಗಡಿ ಇಟ್ಕೋಬೇಕಿತ್ತು ಕಣ್ರಮ್ಮಾ ಅಂತ ಬೈದು, ಆಮೇಲೆ ಕೂರಿಸಿ ಕಾಫಿ ಕೊಡುತ್ತೇನೆ. ಬೈಸಿಕೊಂಡವರು ಮತ್ತೆ ಬರುತ್ತಾರೆ, ಅದೊಂದು ಸಮಾಧಾನ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಗಿರಿಜಮ್ಮ. ಸವಳಂಗದ ಕಡೆ, ಹೊನ್ನಾಳಿ ಕಡೆ, ಜಗಳೂರು ಕಡೆ, ಕೊನೆಗೆ ಚನ್ನಗಿರಿ ತಾಲ್ಲೂಕಿನ ನಲ್ಲೂರಿನ ಸುತ್ತಮುತ್ತ ಸರ್ಕಾರಿ ಆರೋಗ್ಯ ಸಬ್‌ಸೆಂಟರುಗಳಲ್ಲಿ ಸವೆದವಳು. ಬಾಣಂತಿ, ಬಸುರಿ, ಕೂಸು, ಚುಚ್ಚುಮದ್ದು, ಇಷ್ಟೇ ನನ್ನ ಪ್ರಪಂಚ. ಜನ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಎಲ್ಲ ಊರಲ್ಲೂ ನಾನು 'ಸಿಸ್ಟ್ರು'. ಯಾವಾಗ ಯಾವ ಪೋಸ್ಟು ಸಿಕ್ಕಿತು ಅನ್ನೋದೆಲ್ಲ ನಿಮಗೆ ಬೇಡ. ತರಬೇತಿಯಲ್ಲಿ ಯಾರೂ ಹೇಳಿಕೊಡದ ಒಂದು ಸಂಗತಿ ಹೇಳುತ್ತೇನೆ.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಜಾತಿ ಯಾವುದಿದ್ದರೂ, ಹಿಂದೂ ಮುಸ್ಲಿಂ ಯಾರಿದ್ದರೂ ಇದು ಹಾಗೇ. ತಿಂಗಳು ತಿಂಗಳು ಗಂಡನ ಊರಿನ ನರ್ಸ್ ನೋಡಿಕೊಂಡ ಹೆಂಗಸು ಕೊನೆಗಾಲಕ್ಕೆ ಇನ್ನೊಂದು ತಾಲ್ಲೂಕಿಗೆ ಹೊರಟುಬಿಡುತ್ತಾಳೆ. ಗಂಡನ ಊರಿನ ನರ್ಸ್ "ತವರಿಗೆ ಹೋದ್ಲು" ಅಂತ ಕೈ ತೊಳೆದುಕೊಳ್ಳುತ್ತಾಳೆ. ತವರಿನ ನರ್ಸ್ "ಅವಳು ನಮ್ಮೇರಿಯಾದವಳಲ್ಲ" ಅನ್ನುತ್ತಾಳೆ. ಈ ಎರಡು ಮಾತಿನ ನಡುವೆ ಅವಳು ಯಾರ ಕಣ್ಣಿಗೂ ಬೀಳದೆ ಇದ್ದುಬಿಡುತ್ತಾಳೆ.

ಇದು ನನಗೆ ತಿಳಿದದ್ದು ಸವಳಂಗದಲ್ಲಿ. ಆಗಿನ್ನೂ ನ್ಯಾಮತಿ ತಾಲ್ಲೂಕು ಆಗಿರಲಿಲ್ಲ, ಫೋನು ಎಲ್ಲರ ಕೈಗೆ ಬಂದಿರಲಿಲ್ಲ. ನಾಗವೇಣಿ ಅಂತ ಒಬ್ಬ ಹುಡುಗಿ ಚನ್ನಗಿರಿ ಕಡೆಯ ಗಂಡನ ಮನೆಯಿಂದ ಹೆರಿಗೆಗೆ ಬಂದಿದ್ದಳು. ಬಸ್ಸಿಳಿದು ನಾನು ದಿನಾ ನಡೆಯುತ್ತಿದ್ದ ದಾರಿಯಲ್ಲೇ ಅವಳ ತವರುಮನೆ. ಬಸುರಿ ಬಂದಿದ್ದಾಳೆ ಅಂತ ಒಬ್ಬರೂ ಹೇಳಲಿಲ್ಲ, ಕಣ್ಣಾಗುತ್ತದೆ ಅಂತ. ನಾನು ಅವಳನ್ನು ಮೊದಲು ನೋಡಿದ್ದು ಮ್ಯಾಟಡೋರ್ ವ್ಯಾನಿನಲ್ಲಿ ಮಲಗಿಸಿದಾಗ. ಮನೆಯಲ್ಲೇ ಹೆರಿಗೆ ಆಗಿತ್ತು, ಕಸ, ಅಂದರೆ ಮಾಸು, ಬಿದ್ದಿರಲಿಲ್ಲ, ರಕ್ತ ಹೋಗುತ್ತಲೇ ಇತ್ತು. ನಾನೂ ಹತ್ತಿ ಕೂತು ಹೊಟ್ಟೆ ಒತ್ತಿ ಹಿಡಿದೆ. ಮಾತಾಡುತ್ತಿದ್ದಳು. ನ್ಯಾಮತಿ ಹತ್ತಿರ ಬರುವಾಗ ನೀರು ಕೇಳಿದಳು, ಕುಡಿಯಲಿಲ್ಲ. ಅವಳ ತಾಯಿ ನನ್ನ ರಟ್ಟೆ ಹಿಡಿದುಕೊಂಡು, "ನಿಮಗೆ ಹೇಳ್ಬೇಕಿತ್ತೇನ್ರೀ?" ಅಂತ ಕೇಳಿದಳು. 

ಮುಂದಿನ ಮೀಟಿಂಗಿನಲ್ಲಿ ಈ ಸಾವು ಯಾವ ತಾಲ್ಲೂಕಿನ ಲೆಕ್ಕಕ್ಕೆ ಅಂತ ಚರ್ಚೆ ಆಯಿತು. ಚಹಾ ಬಂತು, ಕುಡಿದರು. ನನಗೆ ಲೋಟ ಎತ್ತಿ ಗೋಡೆಗೆ ಹೊಡೆಯಬೇಕು ಅನ್ನಿಸಿತು. ಅವತ್ತಿನಿಂದ ಒಂದು ರೂಢಿ ಮಾಡಿಕೊಂಡೆ: ನನ್ನ ಊರಿನ ಬಸುರಿ ತವರಿಗೆ ಹೋದರೆ ಆ ತವರಿನ ನರ್ಸ್ ಯಾರು ಅಂತ ಹುಡುಕಿ ಒಂದು ಮಾತು ತಿಳಿಸೋದು. ಮೊದಮೊದಲು ಬಸ್ ಕಂಡಕ್ಟರ ಕೈಲಿ ಚೀಟಿ ಕಳಿಸುತ್ತಿದ್ದೆ, ಆಮೇಲೆ ಫೋನು ಬಂತು. "ಗಿರಿಜಮ್ಮ ಹೆಣ್ಣು ಕೊಟ್ಟ ಬೀಗರಂಗೆ ಆಡ್ತಾಳೆ" ಅಂತ ಜೊತೆಯವರು ನಗುತ್ತಿದ್ದರು. ನಗಲಿ ಅಂತ ಬಿಟ್ಟೆ.

ಈಗ ಸುಧಾಳ ಸಂಗತಿ. ಇದು ನಾನು ರಿಟೈರ್ ಆಗುವುದಕ್ಕೆ ಸ್ವಲ್ಪ ಮುಂಚೆ ನಡೆದದ್ದು. ನಲ್ಲೂರಿನ ಹತ್ತಿರದ ಒಂದು ಹಳ್ಳಿಯ ಹಾಲಮ್ಮ ಅನ್ನೋರ ಸೊಸೆ ಸುಧಾ. ಗಂಡ ಮಂಜುನಾಥ ಲಗೇಜ್ ಗಾಡಿ ಓಡಿಸುವವನು. ತವರು ಜಗಳೂರು ತಾಲ್ಲೂಕಿನ ಒಳಗಿನ ಒಂದು ಹಳ್ಳಿ. ಚೊಚ್ಚಲು. ಒಂದು ದಿನ ತಪಾಸಣೆಗೆ ಬಂದಾಗ ಪಾದಗಳು ಊದಿದ್ದವು, ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿತ್ತು. ಬಿ.ಪಿ. ಏರಿತ್ತು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು. ನಮ್ಮ ಡಾಕ್ಟರು ಮಾತ್ರೆ ಬರೆದುಕೊಟ್ಟು, "ಇವಳ ಮೇಲೆ ಒಂದು ಕಣ್ಣಿಟ್ಟಿರಿ ಗಿರಿಜಮ್ಮ. ಹೆರಿಗೆ ದಾವಣಗೆರೆ ದೊಡ್ಡಾಸ್ಪತ್ರೆಯಲ್ಲೇ ಆಗಬೇಕು" ಅಂದರು. ಬಸುರಿಗೆ ಬಿ.ಪಿ. ಏರಿದರೆ ಏನಾಗುತ್ತದೆ ಅಂತ ನೀವು ಪುಸ್ತಕದಲ್ಲಿ ಓದಿರುತ್ತೀರಿ. ಕಣ್ಣಾರೆ ನೋಡಿದವಳು ನಾನು. ಮಾತಾಡುತ್ತಾ ಕೂತವಳಿಗೆ ಇದ್ದಕ್ಕಿದ್ದಂತೆ ಫಿಟ್ಸ್ ಬರುತ್ತದೆ. ಆಮೇಲೆ ತಾಯಿಯೂ ಕೈಗೆ ಸಿಗಲ್ಲ, ಕೂಸೂ ಸಿಗಲ್ಲ.

ಮುಂದಿನ ತಪಾಸಣೆಗೆ ಅವಳು ಬರಲಿಲ್ಲ. ಬೆಳಿಗ್ಗೆನೇ ಮನೆಗೆ ಹೋದೆ. ಹಾಲಮ್ಮ ಕಟ್ಟೆ ಮೇಲೆ ಕೂತು ಸೊಪ್ಪು ಸೋಸುತ್ತಿದ್ದರು.

"ಸುಧಾ ಎಲ್ಲಿ ಹಾಲಮ್ಮ?"

"ತವರಿಗೆ ಕಳಿಸಿದ್ವಿ ಸಿಸ್ಟ್ರೇ. ಬಳೆ ಇಡಿಸಿ, ಉಡಿ ತುಂಬಿ, ಮೊನ್ನೆ ಕಳಿಸಿದ್ವಿ."

"ಎಂಟನೇ ತಿಂಗಳಾಗೆ ಕಳಿಸಿದ್ರಾ?"

ಹಾಲಮ್ಮ ಆ ಕಡೆ ಈ ಕಡೆ ನೋಡಿದರು. "ಮೆಲ್ಲಗೆ ಮಾತಾಡ್ರಿ. ಏಳು ಅಂತ ಹೇಳಿ ಕಳಿಸೀವಿ. ಎಂಟು ಅಂತ ಬಾಯಾಗೆ ತರಬ್ಯಾಡ್ರಿ."

ಹೊರಗಿನವರಿಗೆ ಇದು ತಿಳಿಯಲಿಕ್ಕಿಲ್ಲ. ನಮ್ಮ ಕಡೆ ಬಸುರಿಯನ್ನು ತವರಿಗೆ ಕಳಿಸೋದು ಏಳರಲ್ಲಿ, ಇಲ್ಲ ಒಂಬತ್ತರಲ್ಲಿ. ಎಂಟು ಆಗಿಬರಲ್ಲ. ಏಳಕ್ಕೆ ಹುಟ್ಟಿದ ಕೂಸಾದರೂ ಉಳಿದೀತು, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ ಅನ್ನೋ ನಂಬಿಕೆ ಬೇರೆ. ಅದಕ್ಕೇ ಎಂಟು ನಡೆಯುವಾಗಲೂ ಹೆಂಗಸರು "ಏಳು ಮುಗೀತಾ ಬಂತು" ಅಂತಲೇ ಅನ್ನುತ್ತಾರೆ. ಬಾಯಿಮಾತಿನಲ್ಲಿ ಹಾಗೆ ಅಂದುಕೊಂಡರೆ ನನಗೇನೂ ಇಲ್ಲ. ಆದರೆ ಇಲ್ಲಿ ಬೀಗರಿಗೇ ಏಳು ಅಂತ ಹೇಳಿ ಒಪ್ಪಿಸಿ ಬಂದಿದ್ದರು.

"ಏಳರಾಗೇ ಕಳಿಸ್ಬೇಕಿತ್ತು ತಾನೇ?" ಅಂತ ರೇಗಿದೆ.

"ಅಡಿಕೆ ಸುಲಿತ ಇತ್ತು, ಮನ್ಯಾಗೆ ಕೈ ಬೇಕಿತ್ತು, ಇಟ್ಕೊಂಡೆ. ಒಂಬತ್ತಕ್ಕೆ ಬೀಳ್ಲಿ, ಕಳ್ಸಾನ ಅಂದ್ಕೊಂಡಿದ್ದೆ. ಅಷ್ಟರಾಗೆ ನೀವು ಬಿ.ಪಿ. ಐತೆ ಅಂದ್ರಿ. ಎದೆ ಧಸಕ್ ಅಂತು. ತಾಯಿ ಮಗ್ಗುಲಾಗಾದ್ರೂ ಇರ್ಲಿ ಅಂತ ಕಳಿಸಿದೆ."

ಅವರ ಮುಖ ನೋಡಿ ಇನ್ನೊಂದು ಮಾತು ಬೈಯಲಾಗಲಿಲ್ಲ. ಮಂಜುನಾಥ ಗಾಡಿ ತೊಳೆಯುತ್ತಿದ್ದ. ಕರೆದು ಮಾವನ ಮನೆಗೆ ಫೋನ್ ಹಚ್ಚಿಸಿದೆ. ಎತ್ತಿದ್ದು ಸುಧಾಳ ತಾಯಿ ರತ್ನಮ್ಮ.

"ತಲೆನೋವು ಅಂತಾಳ್ರಿ. ನಿನ್ನೆಯಿಂದ ಕಣ್ಣು ಮಂಜಾಗ್ತೈತೆ ಅಂತಾಳೆ. ಬಳೆ ಇಡ್ಸಿದ ದಿನ ಯಾರ ಕಣ್ಣು ಬಿತ್ತೋ ಏನೋ. ದೃಷ್ಟಿ ತೆಗ್ದು ಒಳಗೆ ಮಲಗ್ಸೀನಿ."

ಬಿ.ಪಿ. ಏರಿದವಳಿಗೆ ತಲೆನೋವು, ಕಣ್ಣು ಮಂಜು ಅಂದರೆ ಫಿಟ್ಸ್ ಬಾಗಿಲಿಗೆ ಬಂದಿದೆ ಅಂತ ಅರ್ಥ.  ಆಸ್ಪತ್ರೆಗೆ ಕರಕೊಂಡು ಹೋಗ್ರಿ ಅಂದೆ. ಆಕೆ ಫೋನ್ ಇಟ್ಟುಬಿಟ್ಟರು.

ಜಗಳೂರಿನಲ್ಲಿ ನಾನಿದ್ದಾಗ ನನ್ನ ಜೊತೆ ಕೆಲಸ ಕಲಿತ ನಸೀಮಾ ಆಗ ಅದೇ ಕಡೆ ನರ್ಸ್ ಆಗಿದ್ದಳು. ಅವಳಿಗೆ ಫೋನ್ ಮಾಡಿದೆ. ಮನೆ ಯಾವುದು ಅಂತ ಕೇಳಿಕೊಂಡು ಸ್ಕೂಟಿ ಹತ್ತಿದಳು. ಆಮೇಲೆ ಅವಳ ಫೋನ್ ಬರುವ ತನಕ ನಾನು ಹಾಲಮ್ಮನ ಕಟ್ಟೆ ಮೇಲೆ ಕೂರಲೂ ಆಗದೆ ನಿಲ್ಲಲೂ ಆಗದೆ ಒದ್ದಾಡಿದೆ.

"ಅಕ್ಕಾ, ಬಿ.ಪಿ. ಭಾಳ ಐತೆ. ಆಂಬ್ಯುಲೆನ್ಸ್ ಕರ್ಸಿದ್ದೆ. ತಾಯಿ ಅಡ್ಡ ನಿಂತು ವಾಪಸ್ ಕಳ್ಸಿಬಿಟ್ರು. ಡಾಕ್ಟ್ರಿಗೆ ಕೇಳಿದೆ, ಫಿಟ್ಸ್ ಬರ್ದಂಗೆ ಇಂಜೆಕ್ಷನ್ ಹಾಕು ಅಂದ್ರು. ಅದಕ್ಕೂ ಬಿಡವಲ್ರು, ಸೂಜಿ ಹಾಕಿದ್ರೆ ನೋವು ಶುರುವಾಗ್ತೈತಂತೆ. ಏಳನೇ ತಿಂಗಳಾಗೆ ಹೊಟ್ಟೆ ಕೊಯ್ಸಿ ಕೂಸು ಕಳ್ಕೊಳ್ಳಾಕೆ ನಾವು ತಯಾರಿಲ್ಲ ಅಂತಾರೆ. ನೋಡಿದ್ರೆ ಹೊಟ್ಟೆನೂ ಏಳರಷ್ಟೇ ಐತಕ್ಕ."

"ಏಳಲ್ಲ ನಸೀಮಾ, ಎಂಟು ತುಂಬಾಕೆ ಬಂದೈತೆ. ಬಿ.ಪಿ.ಗೆ ಕೂಸು ಬೆಳೆದಿಲ್ಲ, ಅದಕ್ಕೇ ಹೊಟ್ಟೆ ಸಣ್ಣದು."

 ಅತ್ತೆ ಹೇಳಿದ ಸುಳ್ಳಿಗೆ ಸೊಸೆಯ ಹೊಟ್ಟೆಯೂ ಸಾಕ್ಷಿ ಹೇಳಿಬಿಟ್ಟಿತ್ತು. ಇನ್ನೆರಡು ತಿಂಗಳು ಟೈಮು ಐತೆ ಅಂತ ಆ ತಾಯಿ ನಂಬಿ ಕೂತಿದ್ದರು. ಮಗಳ ಮೇಲೆ ಪ್ರೀತಿ ಇಲ್ಲದೆ ತಡೆದವರಲ್ಲ, ಮೊಮ್ಮಗು ಉಳಿಯಲಿ ಅಂತ ತಡೆದವರು. ಹೀಗಿರುವವರ ಹತ್ತಿರ ಜಗಳ ಮಾಡೋದು ಬಹಳ ಕಷ್ಟ.

ನಸೀಮಾಗೆ ಹೇಳಿ ಆ ಕಡೆ ರತ್ನಮ್ಮನಿಗೆ ಫೋನ್ ಕೊಡಿಸಿ, ಎಂಟು ಅಂತ ನೀವೇ ಹೇಳ್ರಿ ಅಂತ ಹಾಲಮ್ಮನ ಕೈಗೆ ಫೋನ್ ಕೊಟ್ಟೆ. ಅವರು ಕಿವಿಗಿಟ್ಟುಕೊಂಡು, "ಬೀಗತ್ರೇ, ಆರಾಮ ಅದೀರಾ? ಊಟ ಆತಾ?" ಅಂದು ವಾಪಸ್ ನನ್ನ ಕೈಗೇ ಕೊಟ್ಟರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಂಟರಲ್ಲಿ ಕಳಿಸಿದ್ದಾರೆ ಅಂತ ಬೀಗರಿಗೆ ಗೊತ್ತಾದರೆ, ನಾಳೆ ಏನೇ ಆದರೂ ಅದು ಇವರ ತಲೆಗೇ ಬರುತ್ತದೆ. ಆ ಹೆದರಿಕೆ ಅವರ ಬಾಯಿ ಕಟ್ಟಿಹಾಕಿತ್ತು.

ನಾನು ಹೇಳಿದರೆ ಆ ಮನೆಯವರು ನಂಬಲ್ಲ. ಏಳು ಅಂತ ಹೇಳಿದವರೇ ಹೋಗಿ ಎಂಟು ಅಂತ ಹೇಳಬೇಕು. ಡಾಕ್ಟರಿಗೆ ಫೋನ್‌ನಲ್ಲೇ ವಿಷಯ ತಿಳಿಸಿದೆ, "ಹೊರಡಿ" ಅಂದರು. "ಮಂಜು, ಗಾಡಿ ತೆಗಿ. ಹಾಲಮ್ಮ, ಏಳ್ರಿ" ಅಂದೆ. ಉಟ್ಟ ಸೀರೆಯಲ್ಲೇ ಅವರನ್ನು ಎಬ್ಬಿಸಿ ಮುಂದಿನ ಸೀಟಿನಲ್ಲಿ ನನಗೂ ಮಂಜುವಿಗೂ ನಡುವೆ ಕೂರಿಸಿಕೊಂಡೆ.

 ದಾವಣಗೆರೆ ದಾಟೋ ತನಕ ಟ್ರಾಫಿಕ್ಕು, ಆಮೇಲೆ ಜಗಳೂರಿನ ಬಟಾಬಯಲು, ಎಷ್ಟು ಹೋದರೂ ಅದೇ ಮೆಕ್ಕೆಜೋಳದ ಹೊಲ. ನಸೀಮಾ ರತ್ನಮ್ಮನ ಅಂಗಳ ಬಿಟ್ಟು ಎದ್ದಿರಲಿಲ್ಲ. ಅವರು ಬೈದರೂ, ನೀರು ಕೊಡದಿದ್ದರೂ ಅಲ್ಲೇ ಕೂತು ಆಗಾಗ ಫೋನ್ ಮಾಡುತ್ತಿದ್ದಳು. ಪ್ರತಿ ಸಲ ಫೋನ್ ಬಂದಾಗಲೂ ಮಂಜು ರಸ್ತೆ ಬಿಟ್ಟು ನನ್ನ ಮುಖ ನೋಡುವನು. "ರಸ್ತೆ ನೋಡಪ್ಪ" ಅಂತ ನಾನು ಗದರುವೆ. ಹಾಲಮ್ಮ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದರು.

ಮನೆ ಮುಟ್ಟಿದಾಗ ಬಿಸಿಲು ನೆತ್ತಿ ಮೇಲಿತ್ತು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಸುಧಾ ಮಲಗಿದ್ದಳು. ಮುಖ ಬಾತುಹೋಗಿತ್ತು.

"ಸುಧಾ, ಯಾರು ಹೇಳು ನೋಡಾನ?"

"ಸಿಸ್ಟ್ರಲ್ವಾ. ದನಿ ಗೊತ್ತಾಗ್ತೈತೆ, ಮಖ ಕಾಣವಲ್ದು."

ಬಿ.ಪಿ. ಪಟ್ಟಿ ಸುತ್ತಿ ನೋಡಿದೆ. ನಸೀಮಾ ನೋಡಿದ್ದಕ್ಕಿಂತ ಮೇಲೆ ಹೋಗಿತ್ತು. ಹೊರಗೆ ಬಂದು ರತ್ನಮ್ಮನಿಗೆ ಕೈ ಮುಗಿದೆ. ಹೌದು, ಕೈ ಮುಗಿದೆ. ಕೆಲಸದಲ್ಲಿ ಜಂಬ ಇಟ್ಟುಕೊಂಡರೆ ಇಂಥ ಹೊತ್ತಿನಲ್ಲಿ ಏನೂ ನಡೆಯಲ್ಲ.

"ಇವಾಗ್ಲೇ ಹೊರಡ್ಬೇಕು ರತ್ನಮ್ಮ. ತಡ ಮಾಡಿದ್ರೆ ಮಗಳೇ ಉಳಿಯಲ್ಲ."

"ಏಳಕ್ಕೆ ಹೊರಗೆ ತೆಗೆದ ಕೂಸು ಅಂಗೈಯಷ್ಟು ಇರ್ತೈತ್ರೀ. ಅದನ್ನ ನಾನು ಹೆಂಗೆ ಜ್ವಾಪಾನ ಮಾಡ್ಲಿ? ಇನ್ನೊಂದಿಷ್ಟು ದಿನ ಬೆಳೀಲಿ. ನಾವು ಬರಾಕಿಲ್ಲ ಅಂತೇನಿಲ್ಲ, ಒಂಬತ್ತಕ್ಕೆ ಬೀಳ್ಲಿ, ನಾನೇ ಕರ್ಕೊಂಡು ಬರ್ತೀನಿ."

ನಾನು ಹಾಲಮ್ಮನ ಕಡೆ ತಿರುಗಿದೆ. "ಹೇಳ್ರಿ." ಅವರು ತಲೆ ತಗ್ಗಿಸಿ ನೆಲ ನೋಡುತ್ತಾ ನಿಂತರು. "ಹೇಳ್ರಿ ಹಾಲಮ್ಮ, ನಿಮ್ಮ ಕೈ ಮುಗೀತೀನಿ." ಮಂಜು, "ಅವ್ವಾ, ಬಾಯಿ ಬಿಡವ್ವ" ಅಂದ. ಅವರು ತಲೆ ಎತ್ತಲಿಲ್ಲ. ನಾನು ಎಂಟು ಅಂದೆ. "ಅತ್ತೆಯಾದೋರು ಏಳಂತಾರೆ, ನೀವು ಎಂಟಂತೀರಿ. ಆಸ್ಪತ್ರೆಗೆ ಎಳಕೊಂಡು ಹೋಗಾಕೆ ಸುಳ್ಳು ಹೇಳ್ತೀರಿ" ಅಂದರು ರತ್ನಮ್ಮ. ಆ ಗಳಿಗೆಯಲ್ಲಿ ಹಾಲಮ್ಮನ ಕೆನ್ನೆಗೆ ಬಾರಿಸಬೇಕು ಅನ್ನುವಷ್ಟು ಸಿಟ್ಟು ಬಂತು ನನಗೆ. ಅಲ್ಲಿ ನಿಂತ ಯಾರಿಗೂ ಈ ತಿಂಗಳ ಲೆಕ್ಕವನ್ನು ಯಾರ ಹತ್ತಿರ ಕೇಳಬೇಕು ಅನ್ನೋದು ಹೊಳೆದೇ ಇರಲಿಲ್ಲ.

ಒಳಗೆ ಹೋಗಿ ಸುಧಾಳ ಪಕ್ಕ ಕೂತೆ. ಬಾಗಿಲು ತೆರೆದೇ ಇತ್ತು.

"ಸುಧಾ, ಹೊತ್ತವಳು ನೀನು. ಇಷ್ಟು ಜನ ಲೆಕ್ಕ ಹಾಕಿದ್ರು, ನಿನ್ನ ಯಾರೂ ಕೇಳಲಿಲ್ಲ. ಎಷ್ಟು ತಿಂಗಳು, ನೀನು ಹೇಳು."

ಅವಳು ಬಾಗಿಲ ಕಡೆ ಮುಖ ತಿರುಗಿಸಿದಳು. ಹೇಳಿದರೆ ಅತ್ತೆಯನ್ನು ತವರಿನವರ ಮುಂದೆ ಸುಳ್ಳುಗಾರ್ತಿ ಮಾಡಿದಂತೆ. ಹೆರಿಗೆ ಆದಮೇಲೆ ಬಾಳಬೇಕಾದ್ದು ಅದೇ ಅತ್ತೆಯ ಮನೆಯಲ್ಲಿ. ಕಣ್ಣು ಮುಚ್ಚಿಕೊಂಡೇ, "ಅತ್ತೆ, ಸಿಟ್ಟಾಗಬ್ಯಾಡ್ರಿ" ಅಂದಳು. ಆಮೇಲೆ, "ಎಂಟು ಮುಗಿಯಾಕೆ ಬಂದೈತವ್ವ. ನನಗೆ ಸಾಯಾಕೆ ಹೆದ್ರಿಕಿ ಆಗ್ತೈತೆ. ಆಸ್ಪತ್ರಿಗೆ ಕರ್ಕೊಂಡು ಹೋಗವ್ವ" ಅಂದಳು.

ರತ್ನಮ್ಮ ಹಾಲಮ್ಮನ ಕಡೆ ತಿರುಗಿದರು. ಆಮೇಲೆ ಅಂಗಳದಲ್ಲಿ ಆಡಿದ ಮಾತು ಬರೆಯುವಂಥದ್ದಲ್ಲ. ಹೆಣ್ಣು ಕೊಟ್ಟವರು ಹೀಗೆ ಬೀಗತಿಗೆ ಬೈದದ್ದು ನಾನು ಇನ್ನೆಲ್ಲೂ ಕೇಳಿಲ್ಲ.  ಆ ಗಲಾಟೆ ನಡೆಯುತ್ತಿರುವಾಗಲೇ ನಸೀಮಾ ಒಳಗೆ ಬಂದು ಇಂಜೆಕ್ಷನ್ ಹಾಕಿದಳು, ಮಂಜು ಹೆಂಡತಿಯನ್ನು ಎತ್ತಿಕೊಂಡ. ಗಾಡಿಯ ಹಿಂದೆ ಹಾಸಿಗೆ ಹಾಸಿ ಎಡಮಗ್ಗುಲಾಗಿ ಮಲಗಿಸಿದೆವು. ಆಂಬ್ಯುಲೆನ್ಸಿಗೆ ಮತ್ತೆ ಹೇಳಿ, ಅದು ಎದುರು ಬರಲಿ, ನಾವು ಇಲ್ಲಿಂದ ಹೊರಡೋಣ ಅಂತ ಮಾಡಿಕೊಂಡೆವು.

ಮಣ್ಣು ರಸ್ತೆಯಲ್ಲಿ ಸುಧಾಳ ತುಟಿಯ ಒಂದು ಕೊನೆ ಅದುರೋಕೆ ಶುರುವಾಯಿತು. ನಸೀಮಾ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಇಬ್ಬರೂ ಅವಳ ಭುಜ ಹಿಡಿದುಕೊಂಡೆವು. ಫಿಟ್ಸ್ ಬಂದರೆ ಆ ಗಾಡಿಯಲ್ಲಿ ನಮ್ಮ ಕೈಲಿ ಏನೂ ಆಗುತ್ತಿರಲಿಲ್ಲ. ನಾನು ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದೆ, ನಸೀಮಾ ಅವಳ ದೇವರನ್ನು. ಅದುರಿಕೆ ಮೆಲ್ಲಗೆ ನಿಂತಿತು. ಟಾರ್ ರಸ್ತೆ ಮುಟ್ಟಿದಾಗ ಆಂಬ್ಯುಲೆನ್ಸ್ ಎದುರು ಬಂತು.

ದೊಡ್ಡಾಸ್ಪತ್ರೆಯಲ್ಲಿ ಕಾಯಿಸಲಿಲ್ಲ. ನೋಡಿದ ತಕ್ಷಣ ಆಪರೇಷನ್‌ಗೆ ಒಳಗೆ ಕರೆದುಕೊಂಡರು. ಹೊತ್ತು ಮುಳುಗುವ ಮುಂಚೆ ಹೆಣ್ಣು ಕೂಸು ಹೊರಗೆ ಬಂತು. ಸಣ್ಣದು, ಆದರೆ ಅತ್ತಿತು. ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟರು. ಸುಧಾಳ ಬಿ.ಪಿ. ಇಳಿಯೋಕೆ ಸಮಯ ಹಿಡಿಯಿತು. ಕಣ್ಣು ತಿಳಿಯಾದ ದಿನ ಅವಳು ಗೋಡೆ, ಫ್ಯಾನು, ಬೆಡ್ಡಿನ ನಂಬರು ಎಲ್ಲ ಒಂದೊಂದಾಗಿ ನೋಡಿ ಹೇಳುತ್ತಿದ್ದಳಂತೆ. ಫೋನಿನಲ್ಲಿ ಮಂಜು ಅದನ್ನು ಹೇಳುವಾಗ ನಾನು ಸಬ್‌ಸೆಂಟರಿನ ಬಾಗಿಲು ಹಾಕಿಕೊಂಡು ಜೋರಾಗಿ ಅತ್ತೆ.

ನನ್ನ ಮೇಲಿನವರಿಗೆ ಇದು ಅಷ್ಟು ಸರಿ ಬರಲಿಲ್ಲ. ಏರಿಯಾ ಬಿಟ್ಟು ಬೇರೆ ತಾಲ್ಲೂಕಿಗೆ ಯಾಕೆ ಹೋದಿರಿ ಅಂತ ಒಬ್ಬ ಅಧಿಕಾರಿ ಕೇಳಿದರು. "ಬಸುರಿ ಏರಿಯಾ ಬಿಟ್ಟು ಹೋಗಿದ್ಲು ಸಾರ್" ಅಂದೆ. ಮನುಷ್ಯ ಒಳ್ಳೆಯವರು, ನಕ್ಕು ಬಿಟ್ಟರು. ಮುಂದಿನ ಮೀಟಿಂಗಿನಿಂದ ತವರಿಗೆ ಹೋದವರ ವಿಷಯ ಆ ಕಡೆಯ ನರ್ಸಿಗೆ ತಿಳಿಸಿದಿರಾ ಅಂತ ಎಲ್ಲರನ್ನೂ ಕೇಳೋಕೆ ಶುರುಮಾಡಿದರು. ನೀವೂ ತಿಳಿಸಿ. ತಿಂಗಳು ಎಷ್ಟು ಅಂತ ಅತ್ತೆಯನ್ನು ಕೇಳಬೇಡಿ, ತಾಯಿಯನ್ನು ಕೇಳಬೇಡಿ. ಅವಳನ್ನೇ ಕೇಳಿ, ಅದೂ ಒಬ್ಬಳೇ ಇದ್ದಾಗ.

ತವರಿನಲ್ಲಿ ಬಾಣಂತನ ಮುಗಿಸಿ ಸುಧಾ ಗಂಡನ ಮನೆಗೆ ಬಂದ ದಿನ ನನ್ನನ್ನೂ ಕರೆದಿದ್ದರು. ಕೂಸು ಮೈ ಕೈ ತುಂಬಿಕೊಂಡಿತ್ತು. ಓಣಿಯ ಹೆಂಗಸರೆಲ್ಲ ನೋಡಲು ಬಂದಿದ್ದರು. ರತ್ನಮ್ಮನೂ ಬಂದಿದ್ದರು. ಇಬ್ಬರು ಬೀಗತಿಯರೂ ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಹಾಲಮ್ಮ ಎಲ್ಲರಿಗೂ ಮಂಡಕ್ಕಿ ಹಾಕಿಕೊಡುತ್ತಿದ್ದರು. ಪಕ್ಕದ ಮನೆಯಾಕೆ ಕೂಸಿನ ಗಲ್ಲ ಹಿಡಿದು ಅಂದಳು.

"ಏಳಕ್ಕೇ ಹುಟ್ಟಿದ್ದಂತೆ, ನೋಡ್ರಿ ಹೆಂಗೆ ಐತೆ. ಏಳಾಗಿದ್ದಕ್ಕೆ ಉಳೀತು. ಎಂಟಾಗಿದ್ರೆ ಕೈಗೆ ಸಿಗ್ತಿರ್ಲಿಲ್ಲ."

ಎಲ್ಲರೂ ಹೌದು ಹೌದು ಅಂದರು. ನನ್ನ ಮೈ ಉರಿಯಿತು. ಇಷ್ಟೆಲ್ಲ ಆಗಿಯೂ ಆ ಸುಳ್ಳೇ ಗೆದ್ದು ಕೂತಿತ್ತು. ನಾಳೆ ಇನ್ನೊಬ್ಬಳನ್ನು ಏಳು ಅಂತಲೇ ಕಳಿಸುತ್ತಾರೆ. ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಹಾಲಮ್ಮ ಮಂಡಕ್ಕಿ ಪುಟ್ಟಿ ಕೆಳಗಿಟ್ಟರು.

"ಏಳಲ್ಲ, ಎಂಟು. ಎಂಟರಾಗೆ ಹುಟ್ಟಿದ ಕೂಸು ಇದು. ಬೀಗತ್ರಿಗೆ ಏಳು ಅಂತ ಸುಳ್ಳು ಹೇಳಿ ನಾನೇ ಕಳಿಸಿದ್ದೆ. ಇನ್ನೇನು ಇಬ್ರನ್ನೂ ನುಂಗಿ ನೀರು ಕುಡೀತಿದ್ದೆ."

 ರತ್ನಮ್ಮ ಎದ್ದು ಬಂದು ಪುಟ್ಟಿ ಎತ್ತಿಕೊಂಡು ಉಳಿದವರಿಗೆ ಮಂಡಕ್ಕಿ ಹಾಕತೊಡಗಿದರು. ಬಾಗಿಲ ಹತ್ತಿರ ಆ ಪಕ್ಕದ ಮನೆಯಾಕೆಯ ಸೊಸೆ ನಿಂತಿದ್ದಳು, ತುಂಬಿದ ಬಸುರಿ, ಏಳು ಅಂತ ಹೇಳಿಸಿಕೊಂಡು ನಾಡಿದ್ದು ಹೊನ್ನಾಳಿಯ ತವರಿಗೆ ಹೊರಟವಳು. ಅತ್ತೆಯ ಮುಖ ನೋಡಿದಳು, ಆಮೇಲೆ ನನ್ನ ಮುಖ.

"ಸಿಸ್ಟ್ರೇ, ನನಗೂ ಎಂಟು" ಅಂದಳು.